ಮೂರನೆಯ ಇಲಿ

ಏಕಾದಶಿ ಯಾವತ್ತು ಎಂದು ನೋಡಿಕೊಂಡು ಇಲಿಗಳಿಗೆ ದಿನ ಗೊತ್ತುಮಾಡುವ ಲ್ಯಾಬು ಇಡೀ ಚೆನ್ನೈಯಲ್ಲಿ ನಮ್ಮದೊಂದೇ ಇದ್ದಿರಬೇಕು. ಪೆರುಂಗುಡಿಯಲ್ಲಿ, ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಕಟ್ಟಡಗಳ ಹಿಂದಿನ ಓಣಿಯಲ್ಲಿ ನಮ್ಮ ಸಣ್ಣ ಸಂಶೋಧನಾ ಸಂಸ್ಥೆ ಇದೆ. ಪೆಟ್ಟಾದ ಸ್ನಾಯು ಮತ್ತೆ ಹೇಗೆ ಬೆಳೆದುಕೊಳ್ಳುತ್ತದೆ, ನರ ಕಡಿದುಹೋದ ಸ್ನಾಯುವಿಗೆ ಅದು ಯಾಕೆ ಆಗುವುದಿಲ್ಲ ಎನ್ನುವುದನ್ನು ಅಲ್ಲಿ ಇಲಿಗಳ ಕಾಲಿನಲ್ಲಿ ನೋಡುತ್ತಾರೆ. ಪೆಟ್ಟು ಕೊಟ್ಟ ದಿನದಿಂದ ಎಣಿಸಿ ಮೂರನೆಯ ದಿನ, ಏಳನೆಯ ದಿನ, ಹದಿನಾಲ್ಕನೆಯ ದಿನ ಸ್ನಾಯುವನ್ನು ತೆಗೆದು ಪರೀಕ್ಷಿಸಬೇಕು. ತೆಗೆಯುವ ಕೈ ರಾಯರದು. ರಾಯರು ಏಕಾದಶಿಯಂದು ಇಲಿ ಮುಟ್ಟುತ್ತಿರಲಿಲ್ಲ. ಹಾಗಾಗಿ ಲ್ಯಾಬಿನ ಮುಖ್ಯಸ್ಥೆ, ನಾವೆಲ್ಲ ಮೇಡಂ ಎಂದು ಕರೆಯುವ ತಮಿಳಿನವರು, ಪ್ರತಿ ಪ್ರಯೋಗಕ್ಕೂ ಮುಂಚೆ ಗೋಡೆಯ ಕ್ಯಾಲೆಂಡರಿನ ಮುಂದೆ ಪೆನ್ಸಿಲ್ ಹಿಡಿದು ನಿಂತು ಹಿಂದಕ್ಕೂ ಮುಂದಕ್ಕೂ ಎಣಿಸುತ್ತಿದ್ದರು. ದೇವರು ಒಪ್ಪಿದ, ಇಲಿಯೂ ಒಪ್ಪಿತು, ಇನ್ನು ನಾನೊಬ್ಬಳು ಒಪ್ಪಿದರಾಯಿತು ಎಂದು ಗೊಣಗುತ್ತಲೇ ದಿನ ಬರೆಯುತ್ತಿದ್ದರು. ಬೇರೆಯವರ ಕೈಯಲ್ಲಿ ಮಾಡಿಸಬಹುದಿತ್ತು. ಮಾಡಿಸುತ್ತಿರಲಿಲ್ಲ. ರಾಯರು ತೆಗೆದ ಸ್ನಾಯು ಹಣ್ಣಿನ ಸಿಪ್ಪೆ ಬಿಡಿಸಿದ ಹಾಗೆ ಇಡಿಯಾಗಿ ಬರುತ್ತಿತ್ತು. ಮಿಕ್ಕವರು ತೆಗೆದದ್ದು ತರಕಾರಿ ಕೊಚ್ಚಿದ ಹಾಗೆ.

ಆ ರಾಯರು ಕಳೆದ ತಿಂಗಳು ನಿವೃತ್ತರಾದರು. ಅವರ ಪೂರ್ತಿ ಹೆಸರು ಬರೆಯುವುದಿಲ್ಲ. ಅವರಿಗೆ ಕನ್ನಡ ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಸಾಕಾಗಿಬಿಡುತ್ತದೆ ನಿಜ, ಆದರೆ ಯಾರಾದರೂ ಓದಿ ಹೇಳದೆ ಇರುವುದಿಲ್ಲ. ಮೂರು ತಲೆಮಾರಿನಿಂದ ಮದ್ರಾಸಿನಲ್ಲೇ ಇರುವ ಮಾಧ್ವರ ಮನೆ. ತಂದೆ ಪೆರಂಬೂರಿನಲ್ಲಿ ರೈಲು ಡಬ್ಬಿ ಕಟ್ಟುವ ಕಾರ್ಖಾನೆಯಲ್ಲಿದ್ದರಂತೆ, ಮನೆಯೂ ಅಲ್ಲೇ. ಅವರ ಕನ್ನಡದಲ್ಲಿ ಅರ್ಧ ತಮಿಳು. ನಾನು ಕುಂದಾಪುರದ ಕಡೆಯಿಂದ ಕ್ರೋಂಪೇಟೆಗೆ ಮದುವೆಯಾಗಿ ಬಂದವಳು. ನನ್ನ ‘ಎಂತ ಮಾರಾಯ್ರೆ’ ಕೇಳಿದರೆ ಅವರಿಗೆ ನಗು, ಅವರ ‘ಬನ್ನಿಮ್ಮಾ’ ಕೇಳಿದರೆ ನನಗೆ. ನನ್ನ ಕೆಲಸ ಗಾಜಿನ ಸಾಮಾನು ತೊಳೆಯುವುದು, ಡಬ್ಬಿಗಳಿಗೆ ಚೀಟಿ ಅಂಟಿಸುವುದು, ದಿನಕ್ಕೆರಡು ಸಲ ಫ್ರೀಜರುಗಳ ತಂಪು ನೋಡಿ ಬರೆಯುವುದು. ಹದಿನಾಲ್ಕು ವರ್ಷ ನಮ್ಮಿಬ್ಬರ ಮೇಜು ಅಕ್ಕಪಕ್ಕ.

ಸೇರಿದ ವಾರದಲ್ಲೇ ಅವರು ನನ್ನ ಗಂಡನ ಕೆಲಸ ಕೇಳಿದರು. ಹೋಟೆಲಿನಲ್ಲಿ ಸೂಪರ್‌ವೈಸರ್ ಅಂದೆ. ಹಾಗಾದರೆ ನಿಮಗೆ ಇದು ಸುಲಭ ಎಂದು ಕುರ್ಚಿ ಎಳೆದು ಕೂರಿಸಿದರು. ನಿಮ್ಮ ಹೋಟೆಲಿನ ಅಡುಗೆಯವರಿಗೆ ನೂರು ತಿಂಡಿ ಗೊತ್ತಿರುತ್ತದೆ, ಆದರೆ ಈ ಹೊತ್ತು ಒಲೆ ಮೇಲೆ ಏನಿದೆ ಎಂದು ತಿಳಿಯಬೇಕಾದರೆ ಮೊಳೆಗೆ ಚುಚ್ಚಿದ ಆರ್ಡರ್ ಚೀಟಿ ನೋಡಬೇಕು ತಾನೆ? ಜೀವಕೋಶವೂ ಹಾಗೇ. ಜೀನುಗಳು ಎಲ್ಲ ಕೋಶಗಳಲ್ಲೂ ಅವೇ. ಈಗ ಯಾವುದು ಕೆಲಸ ಮಾಡುತ್ತಿದೆ ಎನ್ನುವುದು ಅದು ಹೊರಗೆ ಕಳಿಸುವ ಚೀಟಿಯಲ್ಲಿರುತ್ತದೆ. ಅದಕ್ಕೆ ಆರ್‌ಎನ್‌ಎ ಅನ್ನುತ್ತಾರೆ. ನಾವು ಎಣಿಸುವುದು ಆ ಚೀಟಿಗಳನ್ನು. ಬರಿಗೈ ತಗುಲಿದರೆ ಕರಗಿಹೋಗುವ ಚೀಟಿ, ಹಾಗಾಗಿ ಕೈಗವಸು, ಹಾಗಾಗಿ ಫ್ರೀಜರು, ಹಾಗಾಗಿ ನೀವು.

ಸ್ನಾಯುವಿನ ಎಳೆಗಳ ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು ಕಾಂಡಕೋಶ ನಿದ್ದೆ ಮಾಡುತ್ತಿರುತ್ತದೆ ಎಂದು ಹೇಳಿಕೊಟ್ಟವರೂ ಅವರೇ. ಪೆಟ್ಟು ಬಿದ್ದ ಕೂಡಲೇ ಎದ್ದು, ಒಂದಾದ ಮೇಲೊಂದು ಚೀಟಿ ಕಳಿಸಿ, ಎರಡಾಗಿ ನಾಲ್ಕಾಗಿ, ಹರಿದ ಎಳೆಯನ್ನು ಕೂಡಿಸಿ, ಮತ್ತೆ ಒಂದಷ್ಟು ಹೋಗಿ ಮಲಗುತ್ತವೆ. ನರ ಇದ್ದರೆ ಇಷ್ಟೂ ಸರಾಗ. ನರ ಕಡಿದಿದ್ದರೆ ಏಳುವುದೇನೋ ಏಳುತ್ತವೆ, ಆದರೆ ಕೆಲಸ ಮುಗಿಸುವುದಿಲ್ಲ, ಮಲಗುವುದೂ ಇಲ್ಲ. ಸ್ನಾಯು ದಿನದಿಂದ ದಿನಕ್ಕೆ ಸಣ್ಣಗಾಗುತ್ತಾ ಹೋಗಿ ಕೊನೆಗೆ ಅಲ್ಲಿ ಕೊಬ್ಬು ಮತ್ತು ನಾರು ಉಳಿಯುತ್ತದೆ. ಅಷ್ಟರೊಳಗೆ ನರ ಬಂದು ಸೇರಬೇಕು.

ರಾಯರ ಇನ್ನೊಂದು ಹಟ ಮೂರನೆಯ ಇಲಿ. ಇಲಿಯ ಒಂದು ಕಾಲಿನ ನರ ಕತ್ತರಿಸಿ, ಇನ್ನೊಂದು ಕಾಲನ್ನು ಹಾಗೇ ಬಿಟ್ಟು, ಎರಡನ್ನೂ ಹೋಲಿಸುವುದು ವಾಡಿಕೆ. ಪೆಟ್ಟಾದದ್ದನ್ನು ಸರಿಯಿರುವುದರಿಂದ ಭಾಗಿಸಿದರೆ ಒಂದು ಅಂಕಿ ಬರುತ್ತದೆ. ಪಟ್ಟಿಯಲ್ಲಿ ಅದೊಂದನ್ನೇ ಬರೆಯುತ್ತಾರೆ. ಹಾಗೆ ಬರೆದು ಬಿಟ್ಟ ವಿದ್ಯಾರ್ಥಿಗಳನ್ನು ರಾಯರು ಕೂರಿಸಿಕೊಂಡು ಕೇಳುತ್ತಿದ್ದರು: ಒಂದು ಕಾಲು ಕೆಟ್ಟ ಇಲಿ ಹೇಗೆ ನಡೆಯುತ್ತದೆ? ಇನ್ನೊಂದು ಕಾಲಿನ ಮೇಲೆ ತಾನೆ ಭಾರ? ಅದು ದಪ್ಪ ಆಗಿರುವುದಿಲ್ಲವೇ? ಅದಕ್ಕೇ ಏನೂ ಮಾಡದ, ಸುಮ್ಮನೆ ತಿಂದುಕೊಂಡಿರುವ ಬೇರೊಂದು ಇಲಿ ಪಕ್ಕದ ಪಂಜರದಲ್ಲಿ ಇರಲೇಬೇಕು. ಕೆಟ್ಟ ಕಾಲು ಒಂದು ಲೆಕ್ಕ, ಒಳ್ಳೆಯ ಕಾಲು ಎರಡನೆಯದು, ಈ ಇಲಿ ಮೂರನೆಯದು. ಒಂದು ಪಂಜರ ಹೆಚ್ಚು, ಒಂದು ಹೊತ್ತಿನ ಕೆಲಸ ಹೆಚ್ಚು. ವಿದ್ಯಾರ್ಥಿಗಳು ಹಿಂದಿನಿಂದ ಅವರಿಗೇ ‘ಮೂಣಾವದು ಎಲಿ’ ಅಂತ ಹೆಸರಿಟ್ಟಿದ್ದರು, ತಮಿಳಿನಲ್ಲಿ ಮೂರನೆಯ ಇಲಿ. ಅವರಿಗೆ ಗೊತ್ತಿತ್ತು. ಒಮ್ಮೆ ಯಾರೋ ಬಾಗಿಲಾಚೆ ಹಾಗೆ ಕರೆದಾಗ, ‘ಇಲ್ಲೇ ಇದೀನಪ್ಪಾ, ತಿಂತಾ ಇದೀನಿ’ ಅಂದು ಮೊಸರನ್ನದ ಡಬ್ಬಿ ಎತ್ತಿ ತೋರಿಸಿದರು.

ನಿವೃತ್ತಿಗೆ ಎರಡು ವರ್ಷವಿದ್ದಾಗ, ಬೆಳಿಗ್ಗೆ ಕೆಲಸಕ್ಕೆ ಬರುತ್ತಾ ತಿರುವಿನಲ್ಲಿ ಮರಳಿಗೆ ಸ್ಕೂಟರ್ ಜಾರಿತು. ಬೇರೆ ಗಾಯವೇನೂ ದೊಡ್ಡದಲ್ಲ. ಬಲ ಭುಜ ನೆಲಕ್ಕೆ ಬಡಿದು, ತಲೆ ಎಡಗಡೆಗೆ ಎಳೆದು, ಕುತ್ತಿಗೆಯಿಂದ ಕೈಗೆ ಇಳಿಯುವ ನರಗಳ ಗೊಂಚಲು ಕಿತ್ತುಹೋಗಿತ್ತು. ಮೂಳೆ ಮುರಿದಿರಲಿಲ್ಲ, ಚರ್ಮ ತರಚಿರಲಿಲ್ಲ. ಆಸ್ಪತ್ರೆಯಲ್ಲಿ ನೋಡಿದಾಗ ಕೈ ಸುಮ್ಮನೆ ಹಾಸಿಗೆಯ ಮೇಲೆ ಇತ್ತು, ಯಾರೋ ಅಲ್ಲಿ ಮರೆತು ಬಿಟ್ಟ ಹಾಗೆ. ಅವರು ಅದನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಫ್ರೀಜರ್ ಬಾಗಿಲಿನ ರಬ್ಬರ್ ಸಡಿಲಾಗಿದೆ, ಹೇಳಿದ್ದೀರಾ ಎಂದು ಕೇಳಿದರು.

ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರು ಹೇಳಿದ್ದಿಷ್ಟು. ಮೂರು ನಾಲ್ಕು ತಿಂಗಳು ಕಾಯೋಣ, ತಾನಾಗಿ ಏನಾದರೂ ಬಂದರೆ ಸರಿ. ಬರದಿದ್ದರೆ ಪಕ್ಕೆಲುಬುಗಳ ನಡುವೆ ಉಸಿರಾಟಕ್ಕೆಂದು ಇರುವ ನರಗಳಲ್ಲಿ ಒಂದೆರಡನ್ನು ತಿರುಗಿಸಿ ತಂದು ತೋಳಿನ ಸ್ನಾಯುವಿಗೆ ಜೋಡಿಸಬಹುದು. ಮೊಣಕೈ ಮಡಿಸುವುದಕ್ಕೆ ಬಂದರೆ ಬರಬಹುದು. ಬೆರಳುಗಳ ಮಾತು ಈಗ ಬೇಡ. ಆದರೆ ಬಹಳ ತಡಮಾಡಿದರೆ ಜೋಡಿಸಿಯೂ ಉಪಯೋಗವಿಲ್ಲ, ಸ್ನಾಯುವೇ ಇರುವುದಿಲ್ಲ. ಬೇರೆ ರೋಗಿಗಳಿಗಾದರೆ ಇದನ್ನು ಬಿಡಿಸಿ ಹೇಳಬೇಕು. ರಾಯರು ಮಧ್ಯದಲ್ಲೇ ತಡೆದು, ಗೊತ್ತು, ನಾನು ಮಾಡುವುದೂ ಅದೇ ಅಂದರಂತೆ.

ಒಂದೂವರೆ ತಿಂಗಳಿಗೆ ಕೆಲಸಕ್ಕೆ ಬಂದರು. ಪೆರಂಬೂರಿನಿಂದ ಎರಡು ರೈಲು ಬದಲಿಸಿ ಬರಬೇಕು. ಬಲಗೈ ಜೋಳಿಗೆಯಲ್ಲಿ, ಎಡಗೈ ಮೇಲಿನ ಹಿಡಿಯಲ್ಲಿ. ಒಂದು ದಿನ ಜೇಬಿನಲ್ಲಿ ಫೋನು ಬಡಿದುಕೊಳ್ಳಲು ಶುರುವಾಯಿತಂತೆ. ಹಿಡಿ ಬಿಟ್ಟರೆ ಬೀಳುತ್ತಾರೆ, ಬಿಡದಿದ್ದರೆ ಫೋನು ತೆಗೆಯುವಂತಿಲ್ಲ. ಅದು ನಿಂತು, ಮತ್ತೆ ಬಡಿದು, ಮತ್ತೆ ನಿಂತು, ಪೆರುಂಗುಡಿಯವರೆಗೂ ಹಾಗೇ. ಸುತ್ತ ನಿಂತವರೆಲ್ಲ ದುರುಗುಟ್ಟಿ ನೋಡುತ್ತಿದ್ದರಂತೆ. ಯಾರಿಗಾದರೂ ತೆಗೆದುಕೊಡಿ ಅನ್ನಬಹುದಿತ್ತಲ್ಲ ಅಂದೆ. ಅಂದಿದ್ದರೆ ಕೈ ಇಲ್ಲ ಅಂತ ಹೇಳಬೇಕಾಗುತ್ತಿತ್ತು ಅಂದರು.

ಮೇಡಂ ರಾಯರಿಗೆ ಮೈಕ್ರೋಸ್ಕೋಪ್ ಕೋಣೆಯ ಕೆಲಸ ಕೊಟ್ಟರು. ಕಿಟಕಿಯಿಲ್ಲದ, ಕಪ್ಪು ಪರದೆಯ ಕೋಣೆ. ಅಲ್ಲಿ ಕೂತು ಗಾಜಿನ ಪಟ್ಟಿಗಳ ಮೇಲಿನ ಸ್ನಾಯುವಿನ ತೆಳುವಾದ ಚೂರುಗಳನ್ನು ನೋಡುತ್ತಾ, ಎದ್ದ ಕಾಂಡಕೋಶಗಳೆಷ್ಟು, ಮಲಗಿದವೆಷ್ಟು ಎಂದು ಎಡಗೈಯ ಎಣಿಕೆ ಗುಂಡಿ ಒತ್ತುವುದು. ಸ್ನಾಯು ತೆಗೆಯುವ ಕೆಲಸ ವಿದ್ಯಾರ್ಥಿಗಳ ಪಾಲಾಯಿತು. ಅವರಿಗೆ ಏಕಾದಶಿಯಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಮೂರು ತಿಂಗಳ ಹಾಳೆ ಯಾರೂ ಹರಿಯದೆ ಹಾಗೇ ಉಳಿದಿತ್ತು. ನೋವು ಜಾಸ್ತಿಯಾದಾಗ ರಾಯರು ಹೊರಗೆ ಬಂದು ಫ್ರೀಜರಿನ ಪಕ್ಕಕ್ಕೆ ಭುಜ ಒತ್ತಿಕೊಂಡು ನಿಲ್ಲುತ್ತಿದ್ದರು. ಏನೂ ಗೊತ್ತಾಗದ ಕೈಯಲ್ಲಿ ಬೆಂಕಿ ಇಟ್ಟ ಹಾಗೆ ಉರಿಯುತ್ತದಂತೆ. ನಾನು ತಂಪು ನೋಡಿ ಬರೆಯಲು ಹೋದಾಗ ಸ್ವಲ್ಪ ಸರಿದು ಜಾಗ ಕೊಡುತ್ತಿದ್ದರು.

ಎಣಿಸುವವರಿಗೆ ಯಾವ ಚೂರು ಯಾವ ಇಲಿಯದು ಎಂದು ಗೊತ್ತಿರಬಾರದು. ಗೊತ್ತಿದ್ದರೆ ಮನಸ್ಸು ತನಗೆ ಬೇಕಾದ ಹಾಗೆ ಎಣಿಸುತ್ತದೆ. ಅದಕ್ಕೆ ನಾನು ಹೆಸರಿನ ಮೇಲೆ ಕಾಗದ ಅಂಟಿಸಿ ಬರಿ ಸಂಖ್ಯೆ ಬರೆದು ಕೊಡುತ್ತೇನೆ, ಯಾವ ಸಂಖ್ಯೆ ಯಾವುದು ಎಂಬ ಪಟ್ಟಿ ನನ್ನ ಮೇಜಿನ ಡ್ರಾಯರಿನಲ್ಲಿ ಬೀಗ ಹಾಕಿ ಇರುತ್ತದೆ. ಈ ನಿಯಮ ಮಾಡಿದ್ದೂ ರಾಯರೇ. ಒಂದು ಮಧ್ಯಾಹ್ನ ಪರದೆ ಸರಿಸಿ ಕರೆದರು.

“ಇದು ಎಷ್ಟು ದಿನದ್ದಮ್ಮಾ?”

“ಎಣಿಸಿ ಮುಗಿಸಿ ರಾಯರೇ, ಆಮೇಲೆ ಹೇಳ್ತೇನೆ.”

“ನರ ಕಡಿದದ್ದು ಅಂತ ನೋಡಿದ್ರೇ ಗೊತ್ತಾಗತ್ತೆ. ಎಷ್ಟು ದಿನ ಆಗಿದೆ ಅಷ್ಟು ಮಾತ್ರ ಹೇಳಿ.”

ಅವರ ಕೈಗೆ ಅಂದು ಎಷ್ಟು ದಿನವಾಗಿತ್ತು ಎಂದು ಇಬ್ಬರಿಗೂ ಗೊತ್ತಿತ್ತು. ಡ್ರಾಯರಿನ ಕೀಲಿ ನನ್ನ ಕೊರಳಿನಲ್ಲೇ ಇತ್ತು. ನಾನು ಹೇಳಲಿಲ್ಲ. ಅವರು ಮತ್ತೆ ಕಣ್ಣು ಕೊಳವೆಗೆ ಹಚ್ಚಿದರು. ಸ್ವಲ್ಪ ಹೊತ್ತಾದ ಮೇಲೆ ಅಲ್ಲಿಂದಲೇ, ಎದುರು ಯಾರೂ ಇಲ್ಲದ ಹಾಗೆ ಹೇಳಿದರು: “ಎದ್ದು ಕೂತಿವೆಮ್ಮಾ. ಯಾರೂ ಕೂಗ್ತಾ ಇಲ್ಲ.”

ಸೋಮವಾರದ ಅಳತೆ ಶುರುವಾದದ್ದು ಅವರು ಕೆಲಸಕ್ಕೆ ಮರಳಿದ ವಾರದಿಂದ. ನಾನು ರವಿಕೆ ಹೊಲಿಯುವವಳು, ಟೇಪು ಚೀಲದಲ್ಲೇ ಇರುತ್ತದೆ. ಅಂಗಿಯ ತೋಳು ಮೇಲೆ ಮಡಚಿ, ಭುಜದಿಂದ ಇಷ್ಟು ಕೆಳಗೆ ಎಂದು ಪೆನ್ನಿನ ಗುರುತು ಹಾಕಿ, ಮೊದಲು ಬಲ ತೋಳಿನ ಸುತ್ತಳತೆ, ಆಮೇಲೆ ಎಡದ್ದು. ನಾನು ಎರಡು ಅಂಕಿ ಹೇಳುವುದು, ಅವರು ಎಡಗೈಯಲ್ಲಿ ತಡವರಿಸುತ್ತಾ ಫೋನಿನಲ್ಲಿ ಭಾಗಿಸಿ ಬಂದ ಒಂದು ಅಂಕಿಯನ್ನು ಸಣ್ಣ ಪುಸ್ತಕದಲ್ಲಿ ಬರೆದುಕೊಳ್ಳುವುದು. ಎಡಗೈಯ ಬರವಣಿಗೆ ಒಂದನೇ ಕ್ಲಾಸಿನ ಮಗುವಿನ ಹಾಗೆ, ಒಂದಂಕಿಗೆ ಒಂದು ನಿಮಿಷ. ಎರಡೂ ಬರೆಯಿರಿ ಅಂದರೆ, ಒಂದೇ ಕಷ್ಟ, ಎರಡು ಯಾರು ಬರೆಯುವುದು ಅನ್ನುತ್ತಿದ್ದರು. ನನಗೆ ದಿನಚರಿಯ ಚಟ. ಗ್ಯಾಸ್ ಸಿಲಿಂಡರ್ ಬಂದದ್ದು, ನೀರಿನ ಲಾರಿ ಬಾರದ್ದು, ಅತ್ತೆಯವರ ಬಿ.ಪಿ., ಇವುಗಳ ನಡುವೆ ಆ ಎರಡು ಅಂಕಿಗಳನ್ನೂ ಬರೆದಿಡುತ್ತಿದ್ದೆ. ಯಾಕೆ ಎಂದು ಕೇಳಿದರೆ ಕಾರಣವಿಲ್ಲ. ಅಳೆದದ್ದನ್ನು ಬರೆಯದೆ ಬಿಡಲು ನನ್ನಿಂದ ಆಗುವುದಿಲ್ಲ, ಅಷ್ಟೇ.

ಅವರ ಪುಸ್ತಕದ ಅಂಕಿ ವಾರ ವಾರ ಇಳಿಯುತ್ತಿತ್ತು. ಮೊದಲ ವಾರಗಳಲ್ಲಿ ಬೇಗ ಬೇಗ, ಆಮೇಲೆ ಸ್ವಲ್ಪ ಸ್ವಲ್ಪ, ಆದರೆ ನಿಲ್ಲದೆ. ನಾಲ್ಕು ತಿಂಗಳಾಯಿತು, ತಾನಾಗಿ ಏನೂ ಬರಲಿಲ್ಲ. ಡಾಕ್ಟರು ಐದನೆಯ ತಿಂಗಳಿನಲ್ಲಿ ಶಸ್ತ್ರಚಿಕಿತ್ಸೆಗೆ ದಿನ ಕೊಟ್ಟರು. ಆ ಸೋಮವಾರ ಅಂಕಿ ಬರೆದು, ಪುಸ್ತಕ ಮುಚ್ಚಿ ರಬ್ಬರ್ ಬ್ಯಾಂಡ್ ಹಾಕಿ, ಸಾಕಮ್ಮಾ, ಇನ್ನು ಅಳೆಯೋದು ಬೇಡ ಅಂದರು.

ಶನಿವಾರ ಅವರ ಹೆಂಡತಿ ಫೋನ್ ಮಾಡಿದರು. ನಾನು ಅವರನ್ನು ಮಾಮಿ ಎಂದೇ ಕರೆಯುವುದು. ಶಸ್ತ್ರಚಿಕಿತ್ಸೆ ಬೇಡ ಎಂದು ರಾಯರು ಆಸ್ಪತ್ರೆಗೆ ಹೇಳಿಬಿಟ್ಟಿದ್ದರು. ಒಳಗೆ ಸ್ನಾಯುವೇ ಹೋಗಿದೆ, ಇನ್ನು ಒಳ್ಳೆಯ ನರವನ್ನು ಕಿತ್ತು ಅಲ್ಲಿಗೆ ಜೋಡಿಸಿ ಏನು, ಲೆಕ್ಕ ನನ್ನ ಹತ್ತಿರ ಇದೆ ಅಂದರಂತೆ. ಮಾಮಿಯ ದನಿ ಒಡೆಯಲಿಲ್ಲ, ಕೋಪದಲ್ಲಿದ್ದರು. ಪಂಚೆ ಉಡಿಸುವುದಕ್ಕೆ, ತಲೆ ಬಾಚುವುದಕ್ಕೆ ನಾನು ಸಾಯುವವರೆಗೂ ತಯಾರು, ಆದರೆ ಬೆಳಿಗ್ಗೆ ಸಂಧ್ಯಾವಂದನೆಗೆ ಕೂತು ಎಡಗೈ ಮಡಿಲಲ್ಲಿಟ್ಟುಕೊಂಡು ಬರಿ ತುಟಿ ಅಲ್ಲಾಡಿಸುತ್ತಾರಲ್ಲ, ಅದನ್ನು ನೋಡಲಾರೆ ಅಂದರು.

ಅಂದು ಸಂಜೆ ಪಾತ್ರೆ ತೊಳೆದು, ದಿನಚರಿ ಬರೆಯಲು ಕೂತವಳು ಹಿಂದಿನ ಸೋಮವಾರಗಳನ್ನು ತಿರುವಿದೆ. ಒಂದು ಹಾಳೆಯಲ್ಲಿ ಬಲ ತೋಳಿನ ಅಂಕಿಗಳನ್ನೆಲ್ಲ ಒಂದರ ಕೆಳಗೊಂದು ಬರೆದೆ, ಪಕ್ಕದಲ್ಲಿ ಎಡ ತೋಳಿನವನ್ನು. ಬರೆದು ಮುಗಿಸುವ ಮೊದಲೇ ಕೈ ನಿಂತಿತು. ಗಂಡನನ್ನು ಕರೆದು ತೋರಿಸಿದೆ. ಅವರು ನೋಡಿ, ಇದರಲ್ಲಿ ಒಬ್ಬ ಸುಮ್ಮನಿದ್ದಾನೆ, ಇನ್ನೊಬ್ಬ ಮೈ ಬೆಳೆಸ್ತಾ ಇದ್ದಾನೆ ಅಂದರು.

ಭಾನುವಾರ ಪೆರಂಬೂರಿಗೆ ಹೋದೆ. ರಾಯರು ಬನಿಯನ್ನಿನಲ್ಲಿ ಕೂತಿದ್ದರು, ನನ್ನನ್ನು ನೋಡಿ ಟವೆಲನ್ನು ಬಲ ಭುಜದ ಮೇಲೆ ಎಳೆದುಕೊಂಡರು. ಮಾಮಿ ಕಾಫಿ ಕೊಟ್ಟು ಅಲ್ಲೇ ಬಾಗಿಲಿಗೆ ಒರಗಿ ನಿಂತರು.

“ಒಂದು ಓದ್ತೇನೆ. ಮುಗಿಯುವವರೆಗೆ ಮಾತಾಡ್ಬೇಡಿ,” ಅಂದೆ. ಮೊದಲ ಸೋಮವಾರದಿಂದ ಕೊನೆಯದರವರೆಗೆ ಓದಿದೆ. ಇಪ್ಪತ್ತೆಂಟೂವರೆ ಸೆಂಟಿಮೀಟರಿನಿಂದ ಶುರುವಾಗಿ ಮೂವತ್ತಕ್ಕೆ ಬಂದು ನಿಂತ ಅಂಕಿಗಳು.

“ಏರ್ತಾ ಇದೆ. ಯಾವ ಕೈದು ಇದು?”

“ನಿಮ್ಮ ಎಡಗೈದು.”

ಬಲದ್ದನ್ನೂ ಓದಿದೆ. ಇಪ್ಪತ್ತಾರರಿಂದ ಇಳಿದು ಇಳಿದು ಇಪ್ಪತ್ತನಾಲ್ಕಕ್ಕೆ ಬಂದದ್ದು, ಆಮೇಲೆ ಏಳು ಸೋಮವಾರ ಇಪ್ಪತ್ತನಾಲ್ಕೇ. ಒಮ್ಮೆ ನೂಲಿನಷ್ಟು ಕಡಿಮೆ, ಒಮ್ಮೆ ನೂಲಿನಷ್ಟು ಹೆಚ್ಚು. ಅವರ ಪುಸ್ತಕದ ಅಂಕಿ ಆ ಏಳು ವಾರವೂ ಇಳಿದದ್ದು ಬಲಗೈಯಿಂದಲ್ಲ. ನೀರಿನ ಕೊಡ, ಚೀಲ, ರೈಲಿನ ಹಿಡಿ, ಎಲ್ಲವನ್ನೂ ಒಂಟಿಯಾಗಿ ಹೊತ್ತ ಎಡಗೈ ದಪ್ಪವಾಗುತ್ತಾ ಹೋಗಿತ್ತು, ಅವರು ಅದರಿಂದ ಭಾಗಿಸುತ್ತಾ ಹೋಗಿದ್ದರು.

ಟವೆಲ್ ಜಾರಿದ್ದು ಅವರಿಗೆ ಗೊತ್ತಾಗಲಿಲ್ಲ. ಎಡ ತೋಳನ್ನು ತಿರುಗಿಸಿ ತಿರುಗಿಸಿ ನೋಡಿದರು, ಇದುವರೆಗೆ ಯಾರೂ ಕೊಟ್ಟಿರದ ಸ್ಲೈಡನ್ನು ನೋಡುವ ಹಾಗೆ.

“ನಿಂತಿದೆ ತಾನೆ, ಅಷ್ಟೇ,” ಅಂದರು ಕೊನೆಗೆ. “ನಿಂತ ಮಾತ್ರಕ್ಕೆ ಜೀವ ಇದೆ ಅಂತ ಹೇಳಕ್ಕಾಗಲ್ಲಮ್ಮಾ. ಒಳಗೆ ಕೊಬ್ಬು ತುಂಬ್ಕೊಂಡಿರಬಹುದು, ನಾರು ಇರಬಹುದು.”

“ಇರ್ಬಹುದು. ಆದ್ರೆ ಹೋಯ್ತು ಅಂತ ಆಸ್ಪತ್ರೆಗೆ ಫೋನ್ ಮಾಡಿದ್ರಲ್ಲ ಮಾರಾಯ್ರೆ, ಅದು ಯಾವ ಕೈ ನೋಡಿ?”

ಮಾಮಿ ಬಾಗಿಲಿನಿಂದಲೇ, “ಇಲಿಗೆ ಮೂರು ತರಹ ನೋಡ್ತಾರೆ, ನನ್ನ ಗಂಡನ ಕೈಗೆ ಮಾತ್ರ ಒಂದು ತರಹ ಸಾಕು,” ಅಂದರು.

ರಾಯರು ನಕ್ಕರೋ ಇಲ್ಲವೋ ತಿಳಿಯಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಹೇಳಿದ್ದು ಅಂದರು, ತಮಿಳಿನಲ್ಲಿ, ತಮಗೇ. ಆಮೇಲೆ ನನ್ನ ಕಡೆ ತಿರುಗಿ, ಮೂರನೇ ಇಲಿ ನಿಮ್ಮ ದಿನಚರಿಯಲ್ಲಿ ಕೂತು ತಿಂತಾ ಇತ್ತು, ನಾನು ನೋಡಲಿಲ್ಲ ಅಂದರು. ನನಗೆ ಅಳು ಬಂತು. ತಪ್ಪು ಅವರೊಬ್ಬರದೇ ಆಗಿರಲಿಲ್ಲ. ಏಳು ವಾರ ಆ ಅಂಕಿಗಳನ್ನು ಬರೆದವಳು ನಾನು, ಒಂದು ದಿನವೂ ಹಿಂದಿನ ಪುಟ ತಿರುಗಿಸಿರಲಿಲ್ಲ. ಅವರು ಸಾಕು ಅಂದ ದಿನ ಟೇಪನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡು ಬಂದಿದ್ದೆ.

ಸೋಮವಾರ ಆಸ್ಪತ್ರೆಗೆ ಫೋನ್ ಮಾಡಿದರೆ ಅವರ ದಿನವನ್ನು ಬೇರೆಯವರಿಗೆ ಕೊಟ್ಟಾಗಿತ್ತು. ಮುಂದಿನದು ಮೂರು ವಾರದ ನಂತರ. ನರವಿಲ್ಲದ ಸ್ನಾಯುವಿಗೆ ಮೂರು ವಾರ ಎಂದರೇನು ಎಂದು ಈ ನಗರದಲ್ಲಿ ಅವರಷ್ಟು ಗೊತ್ತಿದ್ದವರು ಹೆಚ್ಚು ಮಂದಿ ಇರಲಾರರು. ಆ ದಿನಗಳಲ್ಲಿ ಅವರು ಮೈಕ್ರೋಸ್ಕೋಪ್ ಕೋಣೆಯಿಂದ ಊಟಕ್ಕೂ ಹೊರಗೆ ಬರುತ್ತಿರಲಿಲ್ಲ. ಒಳಗಿಂದ ಎಣಿಕೆ ಗುಂಡಿಯ ಸದ್ದು ಕೇಳುತ್ತಿತ್ತು. ನಾನು ಪರದೆ ಸರಿಸಿ ಡಬ್ಬಿ ಇಟ್ಟು ಬರುತ್ತಿದ್ದೆ, ಸಂಜೆ ನೋಡಿದರೆ ಅರ್ಧ ಹಾಗೇ ಇರುತ್ತಿತ್ತು. ಒಮ್ಮೆ ಮಾತ್ರ ಅಂದರು, ಏನಾದರೂ ಬಂದರೆ ಡಾಕ್ಟರದ್ದು, ಬರದಿದ್ದರೆ ಈ ಮೂರು ವಾರ ನನ್ನದು.

ಶಸ್ತ್ರಚಿಕಿತ್ಸೆಯಾಯಿತು. ಕೈಯನ್ನು ಎದೆಗೆ ಕಟ್ಟಿ ವಾರಗಟ್ಟಲೆ ಕೂರಿಸಿದರು. ಜೋಡಿಸಿದ ನರ ದಿನಕ್ಕೆ ಸಾಸಿವೆ ಕಾಳಿನಷ್ಟೂ ಮುಂದೆ ಹೋಗುವುದಿಲ್ಲ. ಅದು ಸ್ನಾಯುವನ್ನು ಮುಟ್ಟಿತೇ, ದಾರಿಯಲ್ಲೇ ನಿಂತಿತೇ ಎಂದು ಹೊರಗಿನಿಂದ ಯಾರಿಗೂ ಕಾಣಿಸುವುದಿಲ್ಲ. ಮತ್ತೆ ಸೋಮವಾರಗಳು ಶುರುವಾದವು. ಈಗ ಭಾಗಿಸುವುದಿಲ್ಲ. ನಾನು ಎರಡೂ ಅಂಕಿ ಹೇಳುತ್ತಿದ್ದೆ, ಅವರು ಎರಡನ್ನೂ ಬರೆದುಕೊಂಡು, ಆಮೇಲೆ ನನ್ನ ದಿನಚರಿಯ ಹಿಂದಿನ ಪುಟಗಳನ್ನು ಓದಿಸಿ ಕೇಳುತ್ತಿದ್ದರು. ನೀರಿನ ಲಾರಿಯನ್ನೂ ಬಿಡುತ್ತಿರಲಿಲ್ಲ. ಒಂದು, ಎರಡು, ಐದು ತಿಂಗಳು. ಇಪ್ಪತ್ತನಾಲ್ಕು. ವಿದ್ಯಾರ್ಥಿಗಳು ಕೇಳುವುದನ್ನು ನಿಲ್ಲಿಸಿದರು. ಮೇಡಂ ಕೇಳುವುದನ್ನು ನಿಲ್ಲಿಸಿದರು. ನಾನೂ ಅಂಕಿ ಹೇಳುವಾಗ ಅವರ ಮುಖ ನೋಡುವುದನ್ನು ನಿಲ್ಲಿಸಿದೆ.

ಎಂಟನೆಯ ತಿಂಗಳಿನಲ್ಲಿ ಒಂದು ಮಧ್ಯಾಹ್ನ, ನಾನು ತಂದ ಉಪ್ಪಿನಕಾಯಿಯ ಖಾರ ನೆತ್ತಿಗೇರಿ ಅವರು ಕೆಮ್ಮಿದರು. ಅಂಗಿಯ ತೋಳಿನ ಒಳಗೆ ಏನೋ ಮಿಸುಕಿತು. ಅವರಿಗೆ ಗೊತ್ತಾಗಲಿಲ್ಲ, ಆ ಕೈಗೆ ಸ್ಪರ್ಶವಿಲ್ಲ. ಇನ್ನೊಮ್ಮೆ ಕೆಮ್ಮಿ ಅಂದೆ. ಕೆಮ್ಮಿದರು. ಪಕ್ಕೆಲುಬಿನ ನರ ಬಂದು ಮುಟ್ಟಿತ್ತು. ಎದೆ ಉಸಿರೆಳೆದಾಗಲೆಲ್ಲ ಅದು ತೋಳನ್ನೂ ಕೂಗುತ್ತಿತ್ತು. ರಾಯರ ಬಾಯಲ್ಲಿ ಅನ್ನ ಹಾಗೇ ಇತ್ತು. ಯಾರಿಗೂ ಹೇಳಬೇಡಿ, ಮೂರು ದಿನ ಆಗಲಿ, ಮೂರು ದಿನವೂ ಬಂದರೆ ಆಮೇಲೆ ಅಂದರು. ಮಾಮಿಗೂ ಹೇಳಲಿಲ್ಲ. ಮೂರನೆಯ ದಿನ ಸಂಜೆ ಮನೆಗೆ ಹೋಗಿ, ಕುರ್ಚಿಯ ಮೇಲೆ ಕೂತು, ಏನೂ ಹೇಳದೆ ಮಾಮಿಯ ಕೈಯನ್ನು ತಮ್ಮ ತೋಳಿನ ಮೇಲೆ ಇಟ್ಟುಕೊಂಡು ಕೆಮ್ಮಿದರಂತೆ. ಜ್ವರವೇನೋ ಎಂದು ಮಾಮಿ ಹಣೆ ಮುಟ್ಟಿ ನೋಡಿದರಂತೆ.

ಆಮೇಲೆ ಬಂದದ್ದು ಅಷ್ಟಿಷ್ಟು. ನಿವೃತ್ತಿಯ ಹೊತ್ತಿಗೆ ಉಸಿರನ್ನು ಒಳಕ್ಕೆಳೆದು ಹಿಡಿದರೆ ಮೊಣಕೈ ಮಡಿಸಿಕೊಂಡು ಮುಂಗೈ ಎದೆಯವರೆಗೆ ಏಳುತ್ತಿತ್ತು. ಉಸಿರು ಬಿಟ್ಟರೆ ಬೀಳುತ್ತಿತ್ತು. ಅಭ್ಯಾಸವಾದರೆ ಉಸಿರಿನ ಹಂಗಿಲ್ಲದೆಯೂ ಏಳಬಹುದು, ಕೆಲವರಿಗೆ ಹಾಗಾಗುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಅವರಿಗೆ ಇನ್ನೂ ಆಗಿಲ್ಲ. ಬೆರಳುಗಳು ಜೋತುಬಿದ್ದೇ ಇವೆ. ಕತ್ತರಿ ಹಿಡಿಯುವ ಕೈ ಅದಲ್ಲ, ಇನ್ನು ಆಗುವುದೂ ಇಲ್ಲ.

ಬೀಳ್ಕೊಡುಗೆಯ ದಿನ ಎಲ್ಲ ವಿದ್ಯಾರ್ಥಿಗಳೂ, ಹಿಂದೆ ಕಲಿತು ಹೋದವರೂ ಬಂದಿದ್ದರು. ಮೇಡಂ ಮಾತಾಡಿದರು, ಶಾಲು ಹೊದಿಸಿದರು. ಆಮೇಲೆ ರಾಯರು ಎದ್ದು ನಿಂತರು. ಹೇಳಬೇಕಾದ ನಾಲ್ಕು ಮಾತನ್ನು ಅವರು ಹಿಂದಿನ ವಾರವೆಲ್ಲ ನನ್ನ ಹತ್ತಿರ ತಮಿಳಿನಲ್ಲಿ ಒಪ್ಪಿಸಿ ನೋಡಿದ್ದರು. ಎರಡು ವರ್ಷದಿಂದ ಅವರ ನಮಸ್ಕಾರವೆಂದರೆ ಎಡಗೈ ಎದೆಗಿಟ್ಟು ತಲೆ ಬಾಗಿಸುವುದು. ಅಂದು ಹಾಗೆ ಮಾಡಲಿಲ್ಲ. ಉಸಿರು ಎಳೆದುಕೊಂಡರು. ಬಲ ಮುಂಗೈ ನಡುಗುತ್ತಾ ಮೇಲೆ ಬಂತು, ಎಡಗೈ ಹೋಗಿ ಅದರ ಬೆರಳುಗಳನ್ನು ನೆಟ್ಟಗೆ ಮಾಡಿ ಅಂಗೈಗೆ ಅಂಗೈ ಸೇರಿಸಿತು. ಎಲ್ಲರೂ ಮಾತಿಗಾಗಿ ಕಾಯುತ್ತಿದ್ದರು. ಮಾತಾಡಿದರೆ ಉಸಿರು ಹೋಗುತ್ತದೆ, ಉಸಿರು ಹೋದರೆ ಕೈ ಬೀಳುತ್ತದೆ. ಅವರು ಮಾತಾಡಲಿಲ್ಲ. ಕೈ ಮುಗಿದುಕೊಂಡು ಒಂದು ಕಡೆಯಿಂದ ಒಬ್ಬೊಬ್ಬರನ್ನೇ ನೋಡುತ್ತಾ ಬಂದರು. ಮುಖ ಕೆಂಪಾಗುತ್ತಿತ್ತು, ಕೊರಳಿನ ನರ ಉಬ್ಬಿತ್ತು. ನನ್ನವರೆಗೆ ಬರುವಷ್ಟರಲ್ಲಿ ಹದಿನೇಳು ಎಣಿಸಿದ್ದೆ. ಆಗ ಉಸಿರು ಬಿಟ್ಟರು. ಬಲಗೈ ಇಳಿಯಿತು, ಎಡಗೈ ಅದನ್ನು ಬಿಡದೆ ಮೇಜಿನವರೆಗೂ ಹಿಡಿದುಕೊಂಡು ಬಂದು ಮೆಲ್ಲನೆ ಇಟ್ಟಿತು.